ಅಪ್ಪ ಹೂಡಿದ ಕೊನೆಯ ಹಾಸು

ನಮ್ಮಪ್ಪ ‘ಆಸೆ’ ಮತ್ತು ‘ನಿರೀಕ್ಷೆ’ ಎಂಬ ಎರಡು ಶಬ್ದಗಳನ್ನು ಅದಲುಬದಲು ಮಾಡಿ ಆಡಿದ್ದನ್ನು ನಾನು ಕೇಳಿಲ್ಲ. ಮುಂಗಾರು ಬಂದೀತು ಎಂಬುದು ಆಸೆ. ಸೊಸೈಟಿಯವರು ಈ ತಿಂಗಳು ನೂಲು ಕೊಟ್ಟಾರು ಎಂಬುದು ಆಸೆ. ಮಗ ನೌಕರಿ ಹಿಡಿದಾನು ಎಂಬುದು ದೊಡ್ಡ ಆಸೆ. ನಿರೀಕ್ಷೆ ಎಂಬ ಮಾತು ಮಾತ್ರ ಸಂಜೆಯ ಪ್ರಾರ್ಥನೆಯಲ್ಲಿ, ಮಣ್ಣು ಕೊಟ್ಟು ಬಂದ ಮನೆಯ ಜಗಲಿಯಲ್ಲಿ, ಹೊಸ ವರ್ಷದ ಆರಾಧನೆಯಲ್ಲಿ ಅವನ ಬಾಯಿಂದ ಬರುತ್ತಿತ್ತು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟ ಬೆಟಗೇರಿಯ ನೇಕಾರ. ಈ ಭೇದವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಕನ್ನಡ ಸತ್ಯವೇದವನ್ನು ಓದಿ ಓದಿ ಅವನ ನಾಲಿಗೆಗೆ ತಾನಾಗಿಯೇ ಕೂತಿತ್ತು.

1983ರ ಜನವರಿಯ ಒಂದು ರಾತ್ರಿ ಈ ಭೇದ ನನ್ನನ್ನು ಕೆರಳಿಸಿತು. ವಿಧಾನಸಭೆಯ ಮತ ಎಣಿಕೆಯ ಸುದ್ದಿ ಕೇಳುತ್ತ ಗದಗಿನ ಗೆಳೆಯನೊಬ್ಬನ ಅಂಗಡಿಯಲ್ಲಿ ರೇಡಿಯೊ ಮುಂದೆ ಕೂತಿದ್ದೆವು. ಜನತಾ ಪಕ್ಷಕ್ಕೆ 95 ಸ್ಥಾನ. ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬರುವುದು ಖಚಿತವಾಗಿತ್ತು. ಮುಖ್ಯಮಂತ್ರಿ ಗುಂಡೂರಾಯರು ತಾವೇ ಸೋತಿದ್ದರು. ನಸುಕಿನಲ್ಲಿ ಸೈಕಲ್ ತುಳಿದುಕೊಂಡು ಮನೆಗೆ ಬಂದಾಗ ಅಪ್ಪ ಕಂದೀಲು ಹಚ್ಚಿಕೊಂಡು ಕುಣಿಮಗ್ಗದಲ್ಲಿ ಇಳಿದಿದ್ದ. ಬಾಗಿಲಲ್ಲೇ ನಿಂತು ಹೇಳಿದೆ: ‘ಅಪ್ಪಾ, ಈ ರಾಜ್ಯಕ್ಕ ನಿರೀಕ್ಷೆ ಹುಟ್ಟಿತು.’

ಲಾಳಿ ನಿಂತಿತು. ‘ಚೊಲೋ ಆತು’ ಅಂದ. ಎಳೆಯೊಂದು ಕಡಿದಿತ್ತು, ಅದನ್ನು ಹೊಸೆದು ಕೂಡಿಸಿದ. ಆಮೇಲೆ, ‘ಆದ್ರ ಅದು ಆಸೆ, ತಮ್ಮಾ. ಚೊಲೋ ಆಸೆ. ಇಟ್ಕೋ. ಅದಕ್ಕ ಆಸೆ ಅಂತನ ಕರಿ’ ಅಂದ.

ನನಗಾಗ 25 ವರ್ಷ. ಮುದುಕರಿಗೆ ಲೋಕದ ನೋವು ತಟ್ಟುವುದಿಲ್ಲ, ಅದಕ್ಕೇ ಇವರು ಪರಲೋಕದ ಶಬ್ದಗಳನ್ನು ಕಟ್ಟಿಕೊಂಡು ಕೂತಿರುತ್ತಾರೆ ಎಂದುಕೊಂಡು ಒಳಗೆ ಹೋಗಿ ಮಲಗಿದೆ. ಅಪ್ಪನ ಮಾತಿನ ಅರ್ಥ ನನಗೆ ಇಳಿಯಲು ಆರೇಳು ವರ್ಷ ಹಿಡಿಯಿತು.

ನಮ್ಮ ಮನೆತನ ಎಲ್ಲಿಂದ ಬಂತೆಂಬುದನ್ನು ಇಲ್ಲಿ ಹೇಳಬೇಕು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಘಟ್ಟ ಹತ್ತಿ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಪಕ್ಕದ ಮಲ್ಲಸಮುದ್ರದಲ್ಲಿ ಅದೇ ಸುಮಾರಿಗೆ ಒಂದು ಕೃಷಿ ವಸಾಹತನ್ನೂ ಹೂಡಿದರು. ಕಾಲಜ್ಞಾನದ ವಚನಗಳನ್ನು ನಂಬಿದ್ದ ಒಂದು ಪಂಥದವರು ಸಾವಿರಗಟ್ಟಲೆ ಸಭೆಗೆ ಸೇರುತ್ತಾರೆ, ಅವರಿಗೆಲ್ಲ ಹೊಲ ಬೇಕು, ಮನೆ ಬೇಕು ಎಂಬುದು ಅವರ ಲೆಕ್ಕ. ಜನ ಬರಲಿಲ್ಲ. ಕೆಲವು ವರ್ಷಗಳಲ್ಲಿ ವಸಾಹತು ಬಿಟ್ಟುಹೋಯಿತು. ಆ ಮಿಷನರಿಗಳೂ ಒಂದು ಕಾಲಕ್ಕೆ ತಲೆ ಎಣಿಸಿ ಆಸೆಪಟ್ಟವರೇ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ತಿಳಿದ ಮೇಲೆ ಅವರು ನನಗೆ ಹೆಚ್ಚು ಹತ್ತಿರದವರಾದರು.

ನಮ್ಮ ಮುತ್ತಜ್ಜ ಬಂದದ್ದು ಬೇರೆ ದಾರಿಯಿಂದ. ಧಾತು-ಈಶ್ವರ ಸಂವತ್ಸರದ ಬರ, ಅಂದರೆ 1876ರಿಂದ 78ರವರೆಗಿನ ಆ ಮಹಾಕ್ಷಾಮ, ಈ ಸೀಮೆಯನ್ನು ಖಾಲಿ ಮಾಡುತ್ತಿದ್ದಾಗ ಮಿಷನ್ನಿನವರು ಅನಾಥ ಮಕ್ಕಳನ್ನು ಎತ್ತಿ ಸಾಕಿದರು. ಅವರಲ್ಲಿ ಮೂರೋ ನಾಲ್ಕೋ ವಯಸ್ಸಿನ ಒಬ್ಬ ಹುಡುಗ ನಮ್ಮ ಮುತ್ತಜ್ಜ. ಯಾವ ಊರು, ಯಾವ ಕುಲ, ತಂದೆ ತಾಯಿ ಯಾರು, ಯಾವುದೂ ಅವನಿಗೆ ನೆನಪಿರಲಿಲ್ಲ. ಕಂಬಳಿಯ ತುದಿ ಹಿಡಿದು ಯಾರ ಹಿಂದೆಯೋ ನಡೆದದ್ದು ಮಾತ್ರ ನೆನಪು ಎಂದು ಹೇಳುತ್ತಿದ್ದನಂತೆ. ಅವನು ನೇಯ್ಗೆ ಕಲಿತ. ಅವನಿಂದ ನಮ್ಮಜ್ಜ, ಅಜ್ಜನಿಂದ ಅಪ್ಪ. ‘ನಮ್ಮ ಮನಿತನ ಬರದಾಗ ಹುಟ್ಟೇತಿ’ ಎಂದು ಅಪ್ಪ ಸುಗ್ಗಿಹಬ್ಬದ ದಿನ ತಪ್ಪದೆ ಹೇಳುತ್ತಿದ್ದ. ಮನೆಯಲ್ಲಿ ಬೆಳೆ ಇರಲಿಲ್ಲ, ಹೊಲವಿರಲಿಲ್ಲ. ಹಬ್ಬದ ಕಾಣಿಕೆಗೆ ಒಂದು ಮೊಳ ಹೊಸ ಬಟ್ಟೆ ಕೊಡುತ್ತಿದ್ದ.

ನಾನು ಮಗ್ಗಕ್ಕೆ ಇಳಿಯಲಿಲ್ಲ. ಧಾರವಾಡದಲ್ಲಿ ಎರಡು ವರ್ಷ ಕಾಲೇಜು ಓದಿ, ದುಡ್ಡಿಗೆ ಅಡಚಣೆಯಾಗಿ ಬಿಟ್ಟು, ಗದಗಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಗದಗು ಮುದ್ರಣಕ್ಕೆ ಹೆಸರಾದ ಊರು. ಧಾರವಾಡದ ಗೆಳೆಯರು ಬಂಡಾಯ ಸಾಹಿತ್ಯದ ಸಭೆಗಳಿಗೆ ಹೋಗುತ್ತಿದ್ದರು, ನಾನೂ ಅವರೊಂದಿಗೆ ಹೋಗುತ್ತಿದ್ದೆ. ತುರ್ತು ಪರಿಸ್ಥಿತಿ ಮುಗಿದು 1977ರ ಚುನಾವಣೆ ಬಂದಾಗ ಉತ್ತರ ಭಾರತವೆಲ್ಲ ತಿರುಗಿ ಬಿದ್ದರೂ ನಮ್ಮ ರಾಜ್ಯ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಕೊಟ್ಟಿತ್ತು. ಆ ನಾಚಿಕೆ ನಮ್ಮ ವಯಸ್ಸಿನ ಹುಡುಗರನ್ನು ಬಹಳ ದಿನ ಕಾಡಿತು.

ಆಮೇಲೆ ನರಗುಂದ.

1980ರ ಜುಲೈ 21. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ತಂದಾಗ ನರಗುಂದ-ನವಲಗುಂದದ ಕರಿಮಣ್ಣಿನ ರೈತರು ಬಾಳು ಹಸನಾಗುತ್ತದೆಂದು ನಂಬಿದ್ದರು. ನೀರು ಎಲ್ಲ ಹೊಲಕ್ಕೂ ಸರಿಯಾಗಿ ತಲುಪಲಿಲ್ಲ. ತಲುಪದ ಹೊಲದವರ ಮೇಲೂ ನೀರಿನ ಕರ, ಜಮೀನಿನ ಬೆಲೆ ಏರಿತೆಂದು ಹಾಕಿದ ಬೆಟರ್‌ಮೆಂಟ್ ಲೆವಿ ಕೂತವು. ಹತ್ತಿಯ ದರ ಬಿದ್ದಿತ್ತು, ಸಾಲ ಏರಿತ್ತು. ಆ ದಿನ ಎರಡೂ ಊರುಗಳಲ್ಲಿ ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಮರುದಿನ ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕರಪತ್ರದ ಮೊಳೆ ಜೋಡಿಸಿದೆ. ಕೈಯೆಲ್ಲ ಸೀಸದ ಕಪ್ಪು. ಸತ್ತ ರೈತನ ಹೆಸರನ್ನು ತಲೆಕೆಳಗಾದ ಅಕ್ಷರಗಳಲ್ಲಿ ಒಂದೊಂದಾಗಿ ಸ್ಟಿಕ್ಕಿಗೆ ಇಡುವಾಗ, ಒಬ್ಬ ಮನುಷ್ಯನ ಹೆಸರು ಇಷ್ಟು ಭಾರ ಇರುತ್ತದೆಯೇ ಅನ್ನಿಸಿತು. ಆ ವಾರ ಬಸ್ಸುಗಳು ಸರಿಯಾಗಿ ಓಡುತ್ತಿರಲಿಲ್ಲ. ಓಡತೊಡಗಿದ ದಿನವೇ ನರಗುಂದಕ್ಕೆ ಹೋಗಿ, 1858ರಲ್ಲಿ ಅಲ್ಲಿನ ಅರಸ ಬಾಬಾಸಾಹೇಬನು ಬ್ರಿಟಿಷರ ವಿರುದ್ಧ ಎದ್ದ ಆ ಗುಡ್ಡದ ಕೆಳಗೆ ನಿಂತು ಬಂದೆ. ಊರು ಮಾತಾಡುತ್ತಿರಲಿಲ್ಲ.

1981ರ ಆರಂಭದಲ್ಲಿ ನರಗುಂದದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಾಗ ನಾನು ಮೊದಲ ಮೂರು ದಿನ ಜೊತೆಗೆ ನಡೆದೆ. ಹಳ್ಳಿಹಳ್ಳಿಯಲ್ಲಿ ರೊಟ್ಟಿ ಗಂಟು ಹಿಡಿದು ಹೆಂಗಸರು ದಾರಿಯಲ್ಲಿ ಕಾದಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಯಾವ ಜಾತಿ, ಯಾವ ಧರ್ಮ ಎಂದು ಕೇಳಿದವರಿಲ್ಲ. ಒಂದು ರಾತ್ರಿ ಗುಡಿಯ ಕಟ್ಟೆಯ ಮೇಲೆ ಮಲಗಿ ನಕ್ಷತ್ರ ನೋಡುತ್ತ, ದೇವರ ರಾಜ್ಯ ಎಂದು ಭಾನುವಾರ ಕೇಳುವುದು ಇದನ್ನೇ ಇರಬೇಕು ಎಂದುಕೊಂಡೆ. ಆ ಯೋಚನೆಯನ್ನು ಇಂದಿಗೂ ನಾನು ಸುಳ್ಳೆನ್ನಲಾರೆ. ಆ ರೊಟ್ಟಿಯಲ್ಲಿ ಅದರ ರುಚಿ ಇತ್ತು. ನಾನು ಮಾಡಿದ ತಪ್ಪೆಂದರೆ, ರುಚಿ ಸಿಕ್ಕಿತೆಂದು ಊಟವೇ ಬಂತೆಂದುಕೊಂಡದ್ದು. ಅಂದಿನಿಂದ ಭಾನುವಾರದ ಆರಾಧನೆಗೆ ಹೋಗುವುದು ಕಡಿಮೆಯಾಯಿತು. ಅವ್ವ ನೊಂದುಕೊಂಡಳು. ಅಪ್ಪ ಏನೂ ಅನ್ನಲಿಲ್ಲ, ಬೆಳಗಿನ ಪ್ರಾರ್ಥನೆಯಲ್ಲಿ ನನ್ನ ಹೆಸರನ್ನು ಮಾತ್ರ ಬಿಡುತ್ತಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿದ್ದೆ.

1983ರಲ್ಲಿ ಬಂದ ಜನತಾ ಪಕ್ಷದ ಮುಖ್ಯಮಂತ್ರಿ ಹೆಗಡೆಯವರ ಸರ್ಕಾರ ನಮಗೆ ಕೊಟ್ಟದ್ದು ಕಡಿಮೆಯೇನಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ರಾಜಕೀಯದಿಂದ ನಿರಾಶರಾದವರು ಅದರಿಂದ ಒಳ್ಳೆಯದೇನೂ ಆಗಲೇ ಇಲ್ಲ ಎಂದು ಮಾತಾಡುವ ರೂಢಿಯಿದೆ. ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಯಲ್ಲಿ ಕೊಳವೆಬಾವಿ ಕೊರೆಸಿದರು. ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದದ್ದು ಸುಮ್ಮನೆ ಅಲ್ಲ. ರೋಣ ತಾಲ್ಲೂಕಿನ ನಮ್ಮ ಸೋದರತ್ತೆಯ ಊರಿನಲ್ಲಿ, ಎರಡು ಮೈಲಿ ನಡೆದು ಸವುಳು ನೀರು ಹೊರುತ್ತಿದ್ದ ಅವಳು ಓಣಿಯ ತುದಿಯಲ್ಲೇ ಕೈಪಂಪು ಒತ್ತುವುದನ್ನು ನಾನು ಕಣ್ಣಾರೆ ಕಂಡೆ. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆ ಆದಾಗ ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ದೇಶಕ್ಕೆಲ್ಲ ಸಂವಿಧಾನ ತಿದ್ದುಪಡಿ ಬರುವುದಕ್ಕೆ ಐದಾರು ವರ್ಷ ಮೊದಲಿನ ಮಾತು ಇದು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕುರ್ಚಿಯ ತುದಿಯಲ್ಲಿ ಕೂತ ಒಬ್ಬ ಕೂಲಿ ಹೆಂಗಸಿನ ಎದುರು ಗ್ರಾಮಸೇವಕ ಎದ್ದು ನಿಂತದ್ದನ್ನು ನೋಡಿ ನನಗೆ ಕಣ್ಣೀರು ಬಂದಿತ್ತು.

ನಾನು ಆ ಚುನಾವಣೆಗಳಿಗೆ ದುಡಿದೆ. ಹಗಲು ಪ್ರೆಸ್ಸು, ರಾತ್ರಿ ಪ್ರಚಾರ. ಮೊಳೆ ಜೋಡಿಸುವವನಿಗೆ ಗೊತ್ತಿರುವ ಒಂದು ಸಂಗತಿ ಇದೆ. ಕರಪತ್ರ ಅಚ್ಚಾದ ಮೇಲೆ ಚೌಕಟ್ಟು ಬಿಚ್ಚಿ ಒಂದೊಂದು ಅಕ್ಷರವನ್ನೂ ಅದರದರ ಖಾನೆಗೆ ತಿರುಗಿ ಹಾಕಬೇಕು. ನಿನ್ನೆ ‘ಭರವಸೆ’ ಎಂದು ನಿಂತಿದ್ದ ಮೊಳೆಗಳು ನಾಳೆ ಯಾರದೋ ಲಗ್ನಪತ್ರಿಕೆಯಲ್ಲಿ, ನಾಡಿದ್ದು ಎದುರಾಳಿ ಪಕ್ಷದ ಪೋಸ್ಟರಿನಲ್ಲಿ ನಿಲ್ಲುತ್ತವೆ. ವರ್ಷಗಟ್ಟಲೆ ಆ ಕೆಲಸ ಮಾಡಿದರೂ ಅದರ ಕಡೆ ನನ್ನ ಗಮನ ಹೋಗಿರಲಿಲ್ಲ.

1988 ಅದನ್ನು ತೋರಿಸಿಕೊಟ್ಟಿತು. ದೂರವಾಣಿ ಕದ್ದಾಲಿಕೆಯ ಪ್ರಕರಣದಲ್ಲಿ ಆಗಸ್ಟಿನಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟರು. ಎದುರಾಳಿಗಳದ್ದಷ್ಟೇ ಅಲ್ಲದೆ ತಮ್ಮವರ ಮಾತುಗಳನ್ನೂ ಸರ್ಕಾರ ಕದ್ದು ಕೇಳಿತ್ತು ಎಂಬ ಆರೋಪವನ್ನು ಪತ್ರಿಕೆಯಲ್ಲಿ ಓದಿ, ನಮ್ಮ ಗುಂಪಿನಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಕ್ಟೋಬರಿನಲ್ಲಿ ನಜೀರ್ ಸಾಬರು ತೀರಿಕೊಂಡರು. ಹೆಗಡೆಯವರ ಜಾಗಕ್ಕೆ ಆಗಸ್ಟಿನಲ್ಲೇ ಹುಬ್ಬಳ್ಳಿಯ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿ ಬಂದಿದ್ದರು, ನಮ್ಮ ಕಡೆಯವರೆಂದು ಹೆಮ್ಮೆಪಟ್ಟಿದ್ದೆವು. ಅಷ್ಟರಲ್ಲಿ ಪಕ್ಷ ಒಳಗಿನಿಂದಲೇ ಬಿರುಕುಬಿಟ್ಟಿತ್ತು. ನಾನು ಅಣ್ಣ ಎಂದು ಕರೆಯುತ್ತಿದ್ದ, ಪಾದಯಾತ್ರೆಯಲ್ಲಿ ನನ್ನ ಕಾಲಿನ ಬೊಬ್ಬೆಗೆ ಎಣ್ಣೆ ಹಚ್ಚಿದ್ದ ಮುಂದಾಳೊಬ್ಬರು ಒಂದು ಗುತ್ತಿಗೆಗಾಗಿ ರಾತ್ರೋರಾತ್ರಿ ಬಣ ಬದಲಿಸಿದರು. ಅದನ್ನು ನನಗೆ ಹೇಳಿದ್ದೂ ಅವರೇ, ಏನೂ ಆಗದವರ ಹಾಗೆ.

ಆ ಚಳಿಗಾಲದಲ್ಲಿ ಅಪ್ಪನಿಗೆ ಶ್ವಾಸಕೋಶದ ಕಾಯಿಲೆ ಬಲಿಯಿತು. 1989ರ ಮಾರ್ಚಿನಲ್ಲಿ, ಈಸ್ಟರಿನ ಹಿಂದಿನ ವಾರ, ಎದ್ದು ಕೂಡಲೂ ಆಗದವನು ಅವ್ವನನ್ನೂ ನನ್ನನ್ನೂ ಕರೆದು ಹೊಸ ಹಾಸು ಹೂಡಬೇಕು ಅಂದ. ನೂಲಿಗೆ ಸಾಲ ತರಿಸಿದ. ವಿದ್ಯುತ್ ಮಗ್ಗಗಳ ಮುಂದೆ ನಮ್ಮ ಓಣಿಯ ಕೈಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದ ಹೊತ್ತು ಅದು. ‘ಯಾರು ನೇಯಾವ್ರು ಇದನ್ನ?’ ಎಂದು ಅವ್ವ ಅತ್ತಳು. ಅವನು ಹಾಸಿಗೆಯ ಮೇಲಿಂದಲೇ ಹೇಳುತ್ತ ಹೋದ, ಓಣಿಯವರು ಬಂದು ಎಳೆ ಎಳೆ ಕೂಡಿಸಿದರು. ಎರಡು ದಿನದ ಕೆಲಸ. ಕೆಂಪು ದಡಿಯ ಚೌಕಳಿ ಸೀರೆಯ ಹಾಸು. ಹೂಡಿದ್ದಾದ ಮೇಲೆ ಅವನನ್ನು ಹೊತ್ತು ಮಗ್ಗದ ಹತ್ತಿರ ಕೂರಿಸಿದೆ. ಬಿಗಿದ ನೂಲಿನ ಮೇಲೆ ಅಂಗೈ ಆಡಿಸಿದ.

ಏಪ್ರಿಲಿನಲ್ಲಿ ಅವನನ್ನು ಬೆಟಗೇರಿಯ ಮಿಷನ್ ಆಸ್ಪತ್ರೆಗೆ ಸೇರಿಸಿದೆವು. ಜನರ ಬಾಯಲ್ಲಿ ಅದು ಇಂದಿಗೂ ಜರ್ಮನ್ ದವಾಖಾನಿ. ಅವ್ವ ಅಲ್ಲೇ ಆಯಾ ಕೆಲಸದಲ್ಲಿದ್ದಳು. 21ನೆಯ ತಾರೀಖಿನ ಸಂಜೆ ಅಪ್ಪನ ಮಂಚದ ಪಕ್ಕ ಟ್ರಾನ್ಸಿಸ್ಟರ್ ಕಿವಿಗೆ ಹಿಡಿದು ಕೂತಿದ್ದೆ. ಬೊಮ್ಮಾಯಿ ಸರ್ಕಾರ ವಜಾ, ರಾಜ್ಯದಲ್ಲಿ ರಾಷ್ಟ್ರಪತಿ ಆಡಳಿತ. ಬಹುಮತವನ್ನು ವಿಧಾನಸಭೆಯಲ್ಲಿ ತೋರಿಸುತ್ತೇನೆ ಎಂದವರಿಗೆ ಅವಕಾಶ ಸಿಗಲಿಲ್ಲ. ಅದು ತಪ್ಪೆಂದು 1994ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ತೀರ್ಪು ಇಂದು ಎಷ್ಟೋ ರಾಜ್ಯ ಸರ್ಕಾರಗಳನ್ನು ಕಾಯುತ್ತಿದೆ. ಆ ಸಂಜೆಗೆ ಮಾತ್ರ ಅದು ಒದಗಲಿಲ್ಲ.

‘ಏನಾತು?’ ಎಂದ ಅಪ್ಪ.

‘ಸರ್ಕಾರ ಬಿತ್ತು.’

ಸ್ವಲ್ಪ ಹೊತ್ತು ಸುಮ್ಮನಿದ್ದ. ನನಗಾಗಿ ಅವನಿಗೆ ನೋವಾದದ್ದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ದಿಂಬಿನ ಕೆಳಗಿನ ಸತ್ಯವೇದ ತೋರಿಸಿ, ‘ಯೆರೆಮೀಯ ಮೂವತ್ತೆರಡು ಓದಪಾ’ ಅಂದ. ಎಷ್ಟೋ ವರ್ಷಗಳ ನಂತರ ನಾನು ಆ ಪುಸ್ತಕ ಬಿಡಿಸಿದ್ದು.

ನನಗೆ ಆ ಅಧ್ಯಾಯ ಗೊತ್ತಿರಲಿಲ್ಲ. ಬಾಬೆಲಿನ ದಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಪಟ್ಟಣ ಇನ್ನೇನು ಬೀಳುತ್ತದೆ. ಬೀಳುತ್ತದೆಂದು ಹೇಳಿದ್ದಕ್ಕೇ ಪ್ರವಾದಿ ಯೆರೆಮೀಯನನ್ನು ಅವನದೇ ಅರಸ ಕಾವಲಿನ ಅಂಗಳದಲ್ಲಿ ಕೂಡಿಹಾಕಿದ್ದಾನೆ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಬಂದು ಅನಾತೋತಿನ ಹೊಲವನ್ನು ಕೊಂಡುಕೋ ಅನ್ನುತ್ತಾನೆ. ಶತ್ರುವಿನ ಕಾಲ್ತುಳಿತಕ್ಕೆ ಸಿಕ್ಕಿರುವ ನೆಲ. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ, ಖರೀದಿಪತ್ರ ಬರೆಸುತ್ತಾನೆ, ಸಾಕ್ಷಿ ಹಾಕಿಸುತ್ತಾನೆ, ಮುದ್ರೆ ಒತ್ತುತ್ತಾನೆ. ಆ ಪತ್ರಗಳನ್ನು ಮಣ್ಣಿನ ಗಡಿಗೆಯಲ್ಲಿ ಇಡು, ಬಹಳ ಕಾಲ ಉಳಿಯಬೇಕು ಎಂದು ಬಾರೂಕನಿಗೆ ಹೇಳುತ್ತಾನೆ. ಆ ದೇಶದಲ್ಲಿ ಮನೆ, ಹೊಲ, ದ್ರಾಕ್ಷಾತೋಟಗಳ ಕ್ರಯ ಮತ್ತೆ ನಡೆಯುವ ದಿನ ಬರುತ್ತದೆ ಎಂಬುದು ದೇವರು ಅವನಿಗೆ ಕೊಟ್ಟ ಮಾತು.

ಎಂಟು ವರ್ಷ ಹೊಲ, ಲೆವಿ, ತಹಶೀಲ್ದಾರ, ದಾಖಲೆ ಎಂದು ಓಡಾಡಿದ್ದ ನನಗೆ ಆ ಖರೀದಿಪತ್ರದ ವಿವರಗಳು ಎದೆಗೆ ನಾಟಿದವು. ಓದು ಮುಗಿದ ಮೇಲೆ ಅಪ್ಪ ಹೇಳಿದ್ದು ಇಷ್ಟು: ‘ಅಂವಗ ಊರು ಬೀಳ್ತದಂತ ಗೊತ್ತಿತ್ತು. ಗೊತ್ತಿದ್ದೂ ಹೊಲ ತಗೊಂಡ.’ ಉಸಿರು ಎಳೆದುಕೊಂಡು, ‘ಮಗ್ಗದ ಮ್ಯಾಲಿನ ಹಾಸು ತಗೀಬ್ಯಾಡ’ ಅಂದ.

ಎಂಟನೆಯ ದಿನ ತೀರಿಹೋದ.

ಸಮಾಧಿ ತೋಟಕ್ಕೆ ಬಂದವರಲ್ಲಿ ಪಕ್ಷದ ಗೆಳೆಯರೂ ಇದ್ದರು. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಗೇಟಿನ ಹೊರಗೆ ನಿಂತು ಅವರು ಆಡುತ್ತಿದ್ದದ್ದು ಯಾವ ಬಣಕ್ಕೆ ಹೋಗಬೇಕೆಂಬ ಮಾತು. ನನಗೆ ಅದೇ ಮಾತು ಗೊತ್ತಿತ್ತು, ಬೇರೆ ಭಾಷೆ ಮರೆತಿತ್ತು. ಒಳಗೆ ಸಭೆಯ ಮುದುಕಿಯರು ತೆರೆದ ಕುಣಿಯ ಅಂಚಿನಲ್ಲಿ ನಿಂತು ಸಂಗೀತ ಹಾಡುತ್ತಿದ್ದರು, ಧ್ವನಿ ನಡುಗದೆ. ಅವರಲ್ಲಿ ಹೆಚ್ಚಿನವರು ಮಕ್ಕಳನ್ನೋ ಗಂಡಂದಿರನ್ನೋ ಅದೇ ನೆಲದಲ್ಲಿ ಇಟ್ಟವರು. ಈ ಹೆಂಗಸರನ್ನು ಯಾವ ಸರ್ಕಾರವೂ ಇದುವರೆಗೆ ಹೆಸರು ಹಿಡಿದು ಕೂಗಿಲ್ಲ, ಇವರಿಗೆ ಈ ಗಟ್ಟಿತನ ಎಲ್ಲಿಂದ ಬಂತು ಎಂಬ ಪ್ರಶ್ನೆಯೊಂದಿಗೆ ಮನೆಗೆ ಬಂದೆ. ನನ್ನ ಎಂಟು ವರ್ಷದ ಓಡಾಟದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ನವೆಂಬರಿನ ಚುನಾವಣೆಯಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. ಎರಡೂ ಕಡೆಯ ಕರಪತ್ರಗಳಿಗೆ ನಾನೇ ಮೊಳೆ ಜೋಡಿಸಿದೆ, ಬಿಚ್ಚಿ ಖಾನೆಗೆ ಹಾಕಿದೆ. ಆ ವರ್ಷ ನನ್ನೊಳಗೆ ಇದ್ದದ್ದು ಸಿಟ್ಟಲ್ಲ, ಒಂದು ಬರಡು. ಜನರ ಮೇಲೆಯೇ ನಂಬಿಕೆ ಹೋಗಿತ್ತು. ರಾಜಕೀಯಕ್ಕೆ ಎಲ್ಲವನ್ನೂ ಕೊಟ್ಟವರಿಗೆ ಆಗುವ ದೊಡ್ಡ ಹಾನಿ ಇದು. ಪಕ್ಷ ಮೋಸ ಮಾಡಿದರೆ, ಪಕ್ಷಕ್ಕೆ ಓಟು ಹಾಕಿದ ಕೂಲಿಯವನೂ ಮೂರ್ಖನಂತೆ ಕಾಣತೊಡಗುತ್ತಾನೆ.

1990ರ ಈಸ್ಟರ್ ಏಪ್ರಿಲ್ 15ಕ್ಕೆ ಬಂತು. ಅವ್ವನನ್ನು ಕರೆದುಕೊಂಡು ನಸುಕಿನಲ್ಲಿ ಸಮಾಧಿ ತೋಟಕ್ಕೆ ಹೋದೆ. ಸಂಜೆಯ ಆರಾಧನೆಗೂ ಅವಳು ಬಾ ಅಂದಳು, ಹಿಂದಿನ ಬೆಂಚಿನಲ್ಲಿ ಕೂತೆ. ಲೂಕನ ಸುವಾರ್ತೆಯಿಂದ ಎಮ್ಮಾಹುವಿನ ದಾರಿಯ ಕಥೆ ಓದಿದರು. ಚಿಕ್ಕಂದಿನಿಂದ ಕೇಳಿದ ಕಥೆ. ಯೇಸುವನ್ನು ಶಿಲುಬೆಗೆ ಹಾಕಿದ ಮೂರನೆಯ ದಿನ ಇಬ್ಬರು ಶಿಷ್ಯರು ಮೋರೆ ಬಾಡಿಸಿಕೊಂಡು ಊರಿನ ದಾರಿ ಹಿಡಿದಿದ್ದಾರೆ. ಗುರುತು ಸಿಗದ ದಾರಿಹೋಕನೊಬ್ಬ ಜೊತೆಯಾಗುತ್ತಾನೆ. ಇಸ್ರಾಯೇಲನ್ನು ಬಿಡಿಸುವವನು ಅವನೇ ಎಂದು ತಾವು ನಂಬಿಕೊಂಡಿದ್ದ ಮಾತನ್ನು ಅವರು ಅವನಿಗೆ ಹೇಳುತ್ತಾರೆ. ಅವರು ಹೇಳುವ ಕ್ರಿಯಾಪದ ಭೂತಕಾಲದಲ್ಲಿದೆ. ಅಕ್ಷರ ಜೋಡಿಸುವವನ ಕಣ್ಣಿಗೆ, ಕಿವಿಗೆ, ಅದು ಆ ಸಂಜೆ ಮೊದಲ ಸಲ ಬಿತ್ತು. ಇವರು ನಮ್ಮಂಥವರು. ರೋಮನ್ನರಿಂದ ಬಿಡುಗಡೆ ಬಯಸಿದವರು, ಒಬ್ಬ ಮುಂದಾಳಿನ ಹಿಂದೆ ಹಳ್ಳಿಹಳ್ಳಿ ನಡೆದವರು, ಅವನು ಸೋತು ಸತ್ತನೆಂದು ಮನೆಗೆ ತಿರುಗಿದವರು. ದಾರಿಯಲ್ಲಿ ಅವರು ಆಡುತ್ತಿದ್ದದ್ದು ರಾಜಕೀಯವೇ.

ಮುಂದೆ ಆಗುವುದನ್ನು ಗಮನಿಸಿ. ಆ ದಾರಿಹೋಕ ಅವರ ಮನೆಯಲ್ಲಿ ರೊಟ್ಟಿ ಮುರಿಯುತ್ತಾನೆ, ಅವರಿಗೆ ಅವನ ಗುರುತು ಹತ್ತುತ್ತದೆ, ಅವನು ಕಣ್ಮರೆಯಾಗುತ್ತಾನೆ. ರೋಮನ್ ಸರ್ಕಾರ ಬಿದ್ದಿಲ್ಲ. ಪಿಲಾತ ಅಧಿಪತಿಯಾಗಿಯೇ ಇದ್ದಾನೆ. ತೆರಿಗೆ ಹಾಗೆಯೇ ಇದೆ. ಆದರೂ ಅವರು ಅದೇ ರಾತ್ರಿ ಎದ್ದು, ತಾವು ಸೋತು ಬಿಟ್ಟುಬಂದಿದ್ದ ಪಟ್ಟಣಕ್ಕೇ ಹಿಂದಿರುಗಿ ನಡೆಯುತ್ತಾರೆ. ಸತ್ತವನು ಎದ್ದಿದ್ದಾನೆ ಎಂಬುದು ನಿಜವಾದರೆ, ಪಿಲಾತನ ಕೈಯಲ್ಲಿದ್ದ ಕೊನೆಯ ಆಯುಧ ಮೊಂಡಾಗಿದೆ. ಕೊಲ್ಲುವುದಕ್ಕಿಂತ ಹೆಚ್ಚಿನದು ಯಾವ ಸರ್ಕಾರಕ್ಕೂ ಗೊತ್ತಿಲ್ಲವಲ್ಲ.

ಅಪ್ಪನ ಎರಡು ಶಬ್ದಗಳು ಆಗ ಬೇರೆಬೇರೆಯಾಗಿ ನಿಂತವು. ನನ್ನ ಆಸೆ ಯಾವಾಗಲೂ ಮುಂದಿನ ಚುನಾವಣೆಯ ಕಡೆ ನೋಡುತ್ತಿತ್ತು. ಅದು ಆಗಬೇಕಾದದ್ದರ ಮೇಲೆ ನಿಂತದ್ದು, ಆದ್ದರಿಂದ ಆಗದೆಯೂ ಹೋಗಬಹುದಾಗಿತ್ತು. ಅಪ್ಪನ ನಿರೀಕ್ಷೆ ಆಗಿಹೋದ ಒಂದು ಮುಂಜಾವಿನ ಮೇಲೆ ನಿಂತಿತ್ತು. ಖಾಲಿ ಸಮಾಧಿಯನ್ನು ಯಾವ ಬಣವೂ ತಿರುಗಿ ತುಂಬಲಾರದು. ಆ ಬುನಾದಿ ಗಟ್ಟಿಯಿದ್ದುದರಿಂದಲೇ ಅವನಿಗೆ ಬೀಳುವ ಊರಿನಲ್ಲಿ ಹಾಸು ಹೂಡಲು ಸಾಧ್ಯವಾಯಿತು.

ಪ್ರತಿ ಭಾನುವಾರ ನಾವು ಹೇಳುವ ವಿಶ್ವಾಸಪ್ರಮಾಣದಲ್ಲಿ ಯೇಸುವನ್ನು ಬಿಟ್ಟರೆ ಎರಡೇ ಮನುಷ್ಯರ ಹೆಸರು ಬರುತ್ತವೆ. ಒಬ್ಬಳು ಅವನ ತಾಯಿ, ಇನ್ನೊಬ್ಬ ಪೊಂತ್ಯ ಪಿಲಾತ. ಒಬ್ಬ ಜಿಲ್ಲಾಧಿಕಾರಿಯಂಥವನ ಹೆಸರನ್ನು ಸಭೆ ಇಷ್ಟು ಶತಮಾನ ಬಿಡದೆ ಇಟ್ಟುಕೊಂಡಿದೆ. ನಮ್ಮ ನಂಬಿಕೆ ರಾಜಕೀಯದ ಹೊರಗೆಲ್ಲೋ ಮೋಡದಲ್ಲಿ ನಡೆದದ್ದಲ್ಲ ಎಂಬುದಕ್ಕೆ ಆ ಹೆಸರು ಸಾಕ್ಷಿ. ಅದಕ್ಕೇ ನಾನು ಮತ್ತೆ ಸಭೆಗೆ ಸೇರಿದ ಮೇಲೆ ಓಟು ಹಾಕುವುದನ್ನಾಗಲಿ ಅನ್ಯಾಯ ಕಂಡಲ್ಲಿ ಹೋಗಿ ಕೂಡುವುದನ್ನಾಗಲಿ ಬಿಡಲಿಲ್ಲ. ಪ್ರೆಸ್ಸಿನಿಂದ ಬಂದ ಮೇಲೆ ಮನೆಯ ಜಗಲಿಯಲ್ಲಿ ಒಂದು ಮೇಜು ಹಾಕಿದೆ. ವಿಧವಾ ವೇತನ, ರೇಷನ್ ಕಾರ್ಡು, ನೇಕಾರರ ಸಾಲ, ಏನಿದ್ದರೂ ಅರ್ಜಿ ಬರೆದುಕೊಡುತ್ತೇನೆ. ಮೂವತ್ತು ವರ್ಷ ದಾಟಿತು. ಅರ್ಧಕ್ಕರ್ಧ ಅರ್ಜಿಗಳು ತಿರಸ್ಕೃತವಾಗಿವೆ. ಮೊದಲಾಗಿದ್ದರೆ ನಾನು ಆರು ತಿಂಗಳಲ್ಲಿ ಕೈಬಿಡುತ್ತಿದ್ದೆ. 2015ರ ಜುಲೈಯಲ್ಲಿ ನರಗುಂದದಲ್ಲಿ ಮಹದಾಯಿ ನೀರಿಗಾಗಿ ರೈತರು ಧರಣಿ ಕೂತಾಗ, 35 ವರ್ಷದ ಹಿಂದೆ ನಿಂತಿದ್ದ ಅದೇ ಗುಡ್ಡದ ಕೆಳಗೆ ಹೋಗಿ ಕೂತೆ. ನೀರು ಬರಲಿ ಎಂದು ಮನಸಾರೆ ಆಸೆಪಟ್ಟೆ. ಬರದಿದ್ದರೆ ನನ್ನ ಬಾಳಿಗೆ ಅರ್ಥವಿಲ್ಲ ಎಂಬ ಭಯ ಈ ಸಲ ಇರಲಿಲ್ಲ. ಹಾಗಾಗಿ ಪಕ್ಕದಲ್ಲಿ ಕೂತ ಮುದುಕನ ಮಾತನ್ನು ಪೂರ್ತಿ ಕೇಳಲು ಸಾಧ್ಯವಾಯಿತು.

ನಮ್ಮ ಸಭೆಗಳ ಒಳಗೂ ಚುನಾವಣೆಯಿದೆ, ಬಣಗಳಿವೆ, ಆಸ್ತಿಯ ದಾವೆಗಳಿವೆ. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾದೀತು. ನಿರೀಕ್ಷೆಯನ್ನು ಕಮಿಟಿಯ ಮೇಲೆ ಇಟ್ಟವರು ಪಕ್ಷದ ಮೇಲೆ ಇಟ್ಟ ನನಗಿಂತ ಬೇಗ ಮುರಿದುಬೀಳುವುದನ್ನು ಕಂಡಿದ್ದೇನೆ.

2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಲಿನ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದಾಗ ನಮ್ಮವರು ನಡುಗಿದರು. ನಾನೂ ನಡುಗಿದೆ. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದಾಗ ಮನೆಯಲ್ಲಿ ಸೇರಿ ಪ್ರಾರ್ಥಿಸುವುದಕ್ಕೂ ಜನ ಹಿಂದೆಮುಂದೆ ನೋಡಿದರು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿದಾಗ ಆರಾಧನೆ ಮುಗಿದ ಮೇಲೆ ಒಬ್ಬ ಹುಡುಗ ನನ್ನ ಕೈ ಕುಲುಕಿ, ‘ಅಂಕಲ್, ಈಗ ನಮಗ ನಿರೀಕ್ಷೆ ಬಂತು’ ಅಂದ. ಅವನ ಕಣ್ಣಿನಲ್ಲಿ ನನ್ನ 25ನೆಯ ವಯಸ್ಸು ಕಂಡಿತು. ಕಾಯ್ದೆ ಹೋಗಲಿ ಎಂದು ನಾನೂ ಬಯಸಿದವನು, ಅದಕ್ಕಾಗಿ ಸಹಿ ಹಾಕಿದವನು. ಆದರೆ ನಮ್ಮನ್ನು ಕಾಯುವ ಪಕ್ಷವೊಂದು ಸಿಕ್ಕಿತು, ಇನ್ನು ಭಯವಿಲ್ಲ ಎಂದು ಸಭೆ ನಂಬಿದ ದಿನ, ಆ ಪಕ್ಷ ಸೋತ ದಿನ ಸಭೆಗೆ ಏನು ಉಳಿಯುತ್ತದೆ? ಅವನನ್ನು ಕೂರಿಸಿಕೊಂಡು ಅಪ್ಪ ನನಗೆ ಹೇಳಿದ್ದನ್ನೇ ಹೇಳಿದೆ. ಅವನಿಗೆ ಸಿಟ್ಟು ಬಂತು. ಬರಲಿ, ನನಗೂ ಬಂದಿತ್ತು.

ಮಗ್ಗದ ಮೇಲಿನ ಹಾಸನ್ನು ನಾನು ತೆಗೆಯಲಿಲ್ಲ. ಅಪ್ಪ ಹೋದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ಧೂಳು ಹಿಡಿದು ಹಾಗೆಯೇ ಇತ್ತು. 1990ರ ಮಳೆಗಾಲದಲ್ಲಿ ಓಣಿಯ ನೇಕಾರರೊಬ್ಬರು, ನಮ್ಮ ಸಭೆಯವರೂ ಅಲ್ಲ, ಅಪ್ಪನ ಜೊತೆ ಸೊಸೈಟಿಯಲ್ಲಿ ಕೂಡುತ್ತಿದ್ದ ಹಿರಿಯರು, ತಾವಾಗಿ ಬಂದು ಕುಣಿಗೆ ಇಳಿದರು. ಕಡಿದ ಎಳೆಗಳನ್ನು ಕೂಡಿಸಿ ದಿನಕ್ಕಿಷ್ಟು ಎಂದು ನೇಯ್ದು ಮುಗಿಸಿದರು. ನೂಲಿನ ಸಾಲ ತೀರಿತು. ಕೊನೆಯ ಸೀರೆಯನ್ನು ಮಾರಲು ಕೊಡದೆ ಅವ್ವನ ಕೈಗೆ ಇಟ್ಟರು. ಅವಳು ಅದನ್ನು ವರ್ಷಕ್ಕೊಮ್ಮೆ ಈಸ್ಟರ್ ಮುಂಜಾನೆ ಉಡುತ್ತಿದ್ದಳು. 2004ರಲ್ಲಿ ಅವಳನ್ನು ಅದೇ ಸೀರೆಯಲ್ಲಿ ಅಪ್ಪನ ಪಕ್ಕ ಮಣ್ಣು ಮಾಡಿದೆವು.